ಒಂದೇ ಜಗ್ಗಿನ ನೀರು

2023ರ ಅಕ್ಟೋಬರ್ 19, ಗುರುವಾರ, ಬೆಳಿಗ್ಗೆ ಐದು ಗಂಟೆ ನಲವತ್ತೆರಡು ನಿಮಿಷ. ವೃದ್ಧರ ಆರೈಕೆ ಮನೆಯ ಎರಡನೇ ಮಹಡಿ, ಪೂರ್ವದ ಸಾಲು. ಎಂಟು ಹಾಸಿಗೆ, ಎಂಟು ಕಿಟಕಿ. ಬೆಳಕು ಒಳಗೆ ಬರಲೋ ಬೇಡವೋ ಎಂಬಂತೆ ಪರದೆಗಳ ಆಚೆ ನಿಂತಿದೆ. ಬಟ್ಟೆಯ ಚಪ್ಪಲಿ ಮೆಟ್ಟಿದ ಆಯಾ ಒಬ್ಬರು ಸದ್ದಿಲ್ಲದೆ ಬಂದು, ಪ್ರತಿ ಕಿಟಕಿಯ ಪರದೆ ಸರಿಸಿ, ಬಳಿಯ ಪುಟ್ಟ ಮೇಜಿನ ಮೇಲೆ ಒಂದೊಂದು ಜಗ್ ಇಟ್ಟು ನೀರು ತುಂಬುತ್ತಿದ್ದಾರೆ. ತುಂಬಿದ ಮೇಲೆ ಮಂಡಿಯೂರಿ, ಒಂದು ಲೀಟರಿನ ಗೆರೆಯನ್ನು ಕಣ್ಣಿನ ಮಟ್ಟಕ್ಕೆ ತಂದುಕೊಂಡು ನೋಡುತ್ತಾರೆ. ಹೆಚ್ಚಾಗಿದ್ದರೆ ಒಂದು ಚಮಚ ತೆಗೆಯುತ್ತಾರೆ, ಕಡಿಮೆಯಿದ್ದರೆ ಒಂದು ಚಮಚ ಸೇರಿಸುತ್ತಾರೆ. ಎಂಟು ಸಲ ಮಂಡಿಯೂರಿ ಎಂಟು ಸಲ ಏಳುವಷ್ಟರಲ್ಲಿ ಸೂರ್ಯ ಮೂಡಿ, ಎಂಟು ಜಗ್ಗುಗಳ ನೀರಿನ ಹೊಳಪು ಎದುರು ಗೋಡೆಯ ಮೇಲೆ ಬಿದ್ದು ನಡುಗತೊಡಗುತ್ತದೆ. ಮಲಗಿದವರು ಕಣ್ಣು ಬಿಟ್ಟಾಗ ಮೊದಲು ಕಾಣುವುದು ಆ ಎಂಟು ಪುಟ್ಟ ಕೊಳಗಳು.

ಇಲ್ಲಿ ಎಲ್ಲರೂ ಅವರನ್ನು ಗುಟುಕಕ್ಕ ಎನ್ನುತ್ತಾರೆ. ಹೆಸರಿಟ್ಟವರು ಮೂರನೇ ಹಾಸಿಗೆಯ ಭೂಗೋಳದ ಮೇಷ್ಟ್ರು. ವಯಸ್ಸು ಎಂಬತ್ತಾರು, ಕಣ್ಣು ಮಂಜು, ಬಾಯಿ ಮಾತ್ರ ಚುರುಕು.

"ಏನಮ್ಮ ಗುಟುಕಕ್ಕ, ಇವತ್ತು ಎರಡು ನಿಮಿಷ ತಡ."

"ಎರಡೇ ನಿಮಿಷ ತಾನೇ ಮೇಷ್ಟ್ರೇ?"

"ಎರಡು ನಿಮಿಷದಲ್ಲಿ ಭೂಮಿ ಎಷ್ಟು ತಿರುಗುತ್ತೆ, ಗೊತ್ತೇನು?"

"ಗೊತ್ತಿಲ್ಲ. ಒಂದು ಗುಟುಕು ಕುಡಿದು ನೀವೇ ಹೇಳಿ."

ಮೇಷ್ಟ್ರು ಕುಡಿಯುತ್ತಾರೆ. "ಅರ್ಧ ಡಿಗ್ರಿ," ಎನ್ನುತ್ತಾರೆ. ಗುಟುಕಕ್ಕ ಅಷ್ಟರಲ್ಲಿ ಸ್ಟೂಲ್ ಎಳೆದುಕೊಂಡು ಕುಳಿತು, ಅದೇ ಜಗ್ಗಿನಿಂದ ತಮ್ಮ ಪುಟ್ಟ ಸ್ಟೀಲ್ ಲೋಟಕ್ಕೂ ಬಗ್ಗಿಸಿಕೊಂಡಿದ್ದಾರೆ. ಅವರೊಂದು ಗುಟುಕು, ಇವರೊಂದು ಗುಟುಕು. ನಡುವೆ ಒಂದೇ ಪ್ರಶ್ನೆ: ಇವತ್ತು ಏನು ಕನಸು ಬಿತ್ತು?

"ಗೋಡೆಗೆ ನೇತುಹಾಕಿದ ಭೂಪಟ ಒದ್ದೆಯಾಗಿತ್ತಮ್ಮ. ನದಿಗಳೆಲ್ಲ ಅದರಿಂದ ಇಳಿದು ಬಂದು ಬೆಂಚುಗಳ ಕೆಳಗೆ ಹರೀತಿದ್ವು. ಮಕ್ಕಳೆಲ್ಲ ಕಾಲು ಮೇಲೆತ್ಕೊಂಡು ಕೂತಿದ್ರು."

"ಅಯ್ಯೋ! ನೀವೇನ್ ಮಾಡ್ತಿದ್ರಿ?"

"ನಾನಾ? ಹಾಜರಿ ಕೂಗ್ತಿದ್ದೆ."

ಇಬ್ಬರೂ ನಗುತ್ತಾರೆ. ನಗು ಮುಗಿಯುವಷ್ಟರಲ್ಲಿ ಮೇಷ್ಟ್ರ ಲೋಟ ಖಾಲಿ. ಗುಟುಕಕ್ಕನ ಕಣ್ಣು ಈ ಹೊತ್ತೆಲ್ಲ ಮೇಷ್ಟ್ರ ಗಂಟಲ ಮೇಲೇ ಇತ್ತು. ಗದ್ದ ತುಸು ತಗ್ಗಿದೆಯೇ, ನುಂಗಿದ ಮೇಲೆ ಕೆಮ್ಮು ಬಂತೇ, ಸ್ವರ ಒದ್ದೆ ಒದ್ದೆಯಾಯಿತೇ? ಎಲ್ಲ ಸರಿಯಿದೆ, ನೀರು ಶ್ವಾಸನಾಳಕ್ಕೆ ಇಳಿದಿಲ್ಲ ಎಂದು ಖಾತ್ರಿಯಾದ ಮೇಲೆಯೇ ಸ್ಟೂಲ್ ಮುಂದಿನ ಹಾಸಿಗೆಗೆ ಸರಿಯುತ್ತದೆ. ಒಂದು ಹಾಸಿಗೆಗೆ ಐದು ನಿಮಿಷ, ಎಂಟು ಹಾಸಿಗೆಗೆ ನಲವತ್ತು. ಒಂಬತ್ತು ಗಂಟೆಗೆ ಮತ್ತೊಂದು ಸುತ್ತು.

ವಯಸ್ಸಾದಂತೆ ದೇಹಕ್ಕೆ ನೀರಿನ ಅಗತ್ಯವೇನೂ ಇಳಿಯುವುದಿಲ್ಲ, ಇಳಿಯುವುದು ಬಾಯಾರಿಕೆ. ಮೈ ಒಣಗುತ್ತಿದ್ದರೂ ಮಿದುಳು ಸುದ್ದಿ ಮುಟ್ಟಿಸುವುದು ತಡ. ಶೌಚಾಲಯದವರೆಗೆ ನಡೆಯಬೇಕಲ್ಲ ಎಂಬ ಅಳುಕು ಬೇರೆ. ತಲೆಸುತ್ತು, ಬೀಳುವುದು, ಮೂತ್ರದ ಸೋಂಕು, ಇದ್ದಕ್ಕಿದ್ದಂತೆ ಬುದ್ಧಿ ಕದಡುವುದು, ಇವುಗಳ ಬೇರು ಎಷ್ಟೋ ಸಲ ಕುಡಿಯದೆ ಉಳಿದ ಒಂದು ಲೋಟ ನೀರಿನಲ್ಲಿರುತ್ತದೆ. ಗುಟುಕಕ್ಕ ಇದನ್ನು ಪುಸ್ತಕದಲ್ಲಿ ಓದಿದವರಲ್ಲ.

"ನಮ್ಮತ್ತೆ ಒಂದು ಬೇಸಿಗೇಲಿ ನನ್ನನ್ನ ಅವರ ತೀರಿಹೋದ ತಂಗಿ ಅಂದ್ಕೊಂಡ್ರು," ಎಂದು ನೆನೆಯುತ್ತಾರೆ. "ಗೋಡೆ ಜೊತೆ ಮಾತಾಡೋರು. ವಯಸ್ಸಾಯ್ತು, ತಲೆ ಕೆಟ್ಟಿದೆ ಅಂತ ನಾವೆಲ್ಲ ಕೈ ಚೆಲ್ಲಿದ್ವಿ. ಆಸ್ಪತ್ರೇಲಿ ಎರಡು ದಿನ ಗ್ಲೂಕೋಸ್ ಹಾಕಿದ್ರು, ಅಷ್ಟೇ. ಮೂರನೇ ದಿನ ಬೆಳಿಗ್ಗೆ ಎದ್ದು, 'ನನ್ನ ಕನ್ನಡಕ ಎಲ್ಲಿಟ್ಟೆ? ನಿಂಗೆ ಯಾವತ್ತು ವಸ್ತು ಇಟ್ಟ ಜಾಗ ನೆನಪಿರುತ್ತೆ?' ಅಂತ ಬೈದ್ರು. ಅವರು ಬೈದಿದ್ದಕ್ಕೆ ನಾನು ಅತ್ತಿದ್ದು ಅದೊಂದೇ ಸಲ, ಸಂತೋಷಕ್ಕೆ."

ಅತ್ತೆ ಆಮೇಲೆ ಆರು ವರ್ಷ ಬದುಕಿದರು. ಆ ಆರು ವರ್ಷವೂ ಸೊಸೆ ಬೆಳಗಿನ ಮೊದಲ ಲೋಟವನ್ನು ಅವರ ಜೊತೆ ಕೂತು ಕುಡಿದರು. ಕೂತು ಕುಡಿಯುವ ಅಭ್ಯಾಸ ಹುಟ್ಟಿದ್ದು ಹಾಗೆ. ಹದಿನೇಳು ವರ್ಷದ ಹಿಂದೆ ಈ ಆರೈಕೆ ಮನೆಗೆ ಬಂದಾಗ ಅವರಿಗೆ ಸಿಕ್ಕಿದ್ದು ಬಟ್ಟೆ ಒಗೆಯುವ ಕೋಣೆ. ಮೂರು ವರ್ಷ ಅಲ್ಲೇ ಕಳೆದು ಹಾಸಿಗೆಗಳ ಕೆಲಸಕ್ಕೆ ಬಂದರು. ಬರುವಾಗ ಅಭ್ಯಾಸವೂ ಜೊತೆಗೆ ಬಂತು. ಲಿಫ್ಟ್ ರಿಪೇರಿ ಮಾಡುವ ಗಂಡ ಮನೆಗೆ ಬಂದವರ ಮುಂದೆಲ್ಲ ಹೇಳುವುದಿದೆ: "ನಮ್ಮನೆಯವಳದು ಭಾರೀ ಕೆಲಸ. ಸ್ಟೂಲ್ ಮೇಲೆ ಕೂತು ನೀರು ಕುಡಿಯೋಕೆ ಸಂಬಳ!"

ಆರೈಕೆ ಮನೆಯ ಉಸ್ತುವಾರಿ ಹೊತ್ತ ಮೇಟ್ರನ್ನರಿಗೂ ಅದೇ ಅನುಮಾನ, ತಮಾಷೆಯಾಗಿ ಅಲ್ಲ. ಕೆಳಗಿನ ಕೋಣೆಯಲ್ಲಿ ಹಾಸಿಗೆ ಬಟ್ಟೆಯ ರಾಶಿ ಬೆಳೆಯುತ್ತಿರುವಾಗ ಆಯಾ ಒಬ್ಬರು ದಿನಕ್ಕೆ ಎರಡು ಸಲ ನಲವತ್ತು ನಿಮಿಷ ಕೂರುವುದನ್ನು ಡ್ಯೂಟಿ ಚಾರ್ಟಿನಲ್ಲಿ ಏನೆಂದು ಬರೆಯುವುದು? "ಅದು ಪ್ರೀತಿ ಇರಬಹುದು, ನಾನು ಇಲ್ಲ ಅನ್ನಲ್ಲ," ಎಂದಿದ್ದರು ಅವರು. "ಕೆಲಸ ಅಂತ ಬರೀಬೇಕಾದ್ರೆ ನಂಗೆ ಅಳತೆ ಬೇಕು."

ಅಳೆಯಲು ಬಂದವರು ನರ್ಸಿಂಗ್ ಕಾಲೇಜಿನ ಸಂಶೋಧಕಿ. ಇಲ್ಲಿ ಅವರು ಅಳತೆ ಸಿಸ್ಟರ್. ಅವರ ಏರ್ಪಾಡು ಸರಳ. ಪಶ್ಚಿಮದ ಸಾಲಿನಲ್ಲಿ ಎಂದಿನಂತೆ ಜಗ್ ತುಂಬಿಟ್ಟು, "ನೀರು ಕುಡೀರಿ" ಎಂದು ಹೇಳಿ ಹೋಗುವುದು. ಪೂರ್ವದಲ್ಲಿ ಗುಟುಕಕ್ಕ ಕೂತು ಕುಡಿಸುವುದು. ಹೃದಯ, ಮೂತ್ರಪಿಂಡದ ತೊಂದರೆಯಿಂದ ನೀರಿಗೆ ಮಿತಿಯಿರುವವರು ಎರಡೂ ಸಾಲಿನ ಲೆಕ್ಕದಿಂದ ಹೊರಗೆ. ಹನ್ನೊಂದು ಗಂಟೆಗೆ ಸಿಸ್ಟರ್ ಬಂದು, ಜಗ್ಗಿನಲ್ಲೂ ಲೋಟದಲ್ಲೂ ಉಳಿದದ್ದನ್ನು ಅಳೆದು, ತುಂಬಿದ ಒಂದು ಲೀಟರಿನಿಂದ ಕಳೆಯುತ್ತಾರೆ. ಅದು ಕುಡಿದ ನೀರು. ಎರಡು ಸಾಲುಗಳ ಸರಾಸರಿಗೆ ಕನಿಷ್ಠ ನೂರು ಮಿಲಿಲೀಟರ್ ಅಂತರವಿದ್ದರೆ ಸ್ಟೂಲ್ ಉಳಿಯುತ್ತದೆ, ಇಲ್ಲದಿದ್ದರೆ ಗುಟುಕಕ್ಕ ಬಟ್ಟೆಯ ಕೋಣೆಗೆ ಹೋಗುತ್ತಾರೆ. ಈ ಗೆರೆಯನ್ನು ಅಳತೆ ಶುರುವಾಗುವ ಮೊದಲೇ ಎಳೆದು ಮೇಟ್ರನ್ ಸಹಿ ಹಾಕಿದ್ದರು.

ಆರು ವಾರ ಕಳೆದಾಗ, ಒಬ್ಬರಿಗೆ ದಿನದ ಸರಾಸರಿ ಪಶ್ಚಿಮದ ಸಾಲು 302 ಮಿಲಿಲೀಟರ್, ಪೂರ್ವದ ಸಾಲು 570. ಅಂತರ 268. ಸಿಸ್ಟರ್ ಹಿಗ್ಗಿ, ಕಾಗದದ ಮೇಲೆ ಏರಿದ ಗೆರೆಯನ್ನು ಗುಟುಕಕ್ಕನಿಗೆ ತೋರಿಸಿದರು. "ನೋಡಿ, ಎಲ್ಲಾ ನಿಮ್ಮದೇ!"

ಗುಟುಕಕ್ಕನಿಗೆ ಗೊತ್ತಿತ್ತು: ಆ ಗೆರೆಯೊಳಗೆ ನಿಜವಾಗಿಯೂ ತಮ್ಮದು ಬಹಳ ಇತ್ತು. ದಿನವೂ ಎಂಟು ಜಗ್ಗುಗಳಿಂದ ತಾವೂ ಬಗ್ಗಿಸಿಕೊಂಡು ಕುಡಿದಿದ್ದರಲ್ಲ? ಹನ್ನೊಂದಕ್ಕೆ ಅಳೆಯಲು ಮಾತ್ರ ಬರುತ್ತಿದ್ದ ಸಿಸ್ಟರ್ ಅದನ್ನು ಕಂಡಿರಲಿಲ್ಲ.

"ಸುಳ್ಳು ಹೇಳಲ್ಲ, ಎರಡು ದಿನ ಸುಮ್ಮನಿದ್ದೆ," ಎನ್ನುತ್ತಾರೆ ಗುಟುಕಕ್ಕ. "ಯಾರಿಗೂ ಗೊತ್ತಾಗಲ್ಲ, ಸ್ಟೂಲ್ ಉಳೀತು ಅಂದ್ಕೊಂಡೆ. ಮನೇಲಿ ನೀರು ಕುಡಿಯೋಕೆ ಹೋದ್ರೆ ಗಂಟಲಲ್ಲಿ ಇಳೀತಿರಲಿಲ್ಲ. ನಮ್ಮೆಜಮಾನ್ರು ಕೇಳಿದ್ರು, ಏನೇ, ಡ್ಯೂಟಿ ಇಲ್ದಾಗ ಕುಡಿಯೋಕೆ ಬರಲ್ವಾ ಅಂತ. ಮೂರನೇ ದಿನ ಹೋಗಿ ಹೇಳ್ಬಿಟ್ಟೆ. ಸಿಸ್ಟರ್, ಇದ್ರಲ್ಲಿ ನನ್ನ ಹೊಟ್ಟೆಗೆ ಹೋಗಿದ್ದೂ ಸೇರಿದೆ."

ಅಳತೆ ಸಿಸ್ಟರ್ ಕೇಳಿದ್ದು ಒಂದೇ: "ಎಷ್ಟು ಕುಡಿದ್ರಿ ಅಂತ ಬರೆದಿಟ್ಟಿದೀರಾ?" ಬರೆದಿರಲಿಲ್ಲ. ಅಂದಾಜು ಹಾಕಿ ಕಳೆಯಲು ಸಿಸ್ಟರ್ ಒಪ್ಪಲಿಲ್ಲ. ಆರು ವಾರದ ಹಾಳೆಗಳಿಗೆ ಅಡ್ಡ ಗೀಟು ಬಿತ್ತು. "ಬೇರೆ ಜಗ್ಗಿನಿಂದ ಕುಡಿದ್ರೆ ಆಯ್ತಪ್ಪ, ಅದಕ್ಯಾಕೆ ಇಷ್ಟು ರಾಮಾಯಣ?" ಎಂದರು ಮೇಟ್ರನ್.

ಆಗುವುದಿಲ್ಲ. ಏಕೆಂಬುದು ಏಳನೇ ಹಾಸಿಗೆಯ ಬಳಿ ಕೂತರೆ ತಿಳಿಯುತ್ತದೆ. ಅಲ್ಲಿರುವವರು ಹೊಲಿಗೆ ಅಜ್ಜಿ. ಐವತ್ತು ವರ್ಷ ಯಂತ್ರ ತುಳಿದ ಕಾಲು ಈಗಲೂ, ನಿದ್ದೆಯಲ್ಲೂ, ಹೊದಿಕೆಯಡಿ ಮೇಲೆ ಕೆಳಗೆ ಆಡುತ್ತದೆ. ಇಲ್ಲಿಗೆ ಬರುವ ಮುಂಚೆ ಇದ್ದ ಎಲ್ಲೋ ಒಂದು ಕಡೆ, ನಿದ್ದೆ ಮಾತ್ರೆಯನ್ನು ನೀರಿನಲ್ಲಿ ಕರಗಿಸಿ ಅವರಿಗೆ ಹೇಳದೆ ಕುಡಿಸಿದ್ದರು. ಅಂದಿನಿಂದ ಬೇರೆಯವರು ಕೊಟ್ಟ ನೀರೆಂದರೆ ಅವರ ತುಟಿ ಹೊಲಿಗೆ ಹಾಕಿದಂತೆ ಮುಚ್ಚಿಕೊಳ್ಳುತ್ತದೆ. ಗುಟುಕಕ್ಕ ರಜೆ ಹಾಕಿದ ದಿನ ಏಳನೇ ಜಗ್ಗಿನಿಂದ ಇಳಿದದ್ದು 90 ಮಿಲಿಲೀಟರ್.

"ಮೊದಲು ನೀನು," ಎನ್ನುತ್ತಾರೆ ಅಜ್ಜಿ ಇವತ್ತೂ.

ಗುಟುಕಕ್ಕ ಅಜ್ಜಿಯ ಜಗ್ಗಿನಿಂದ ಬಗ್ಗಿಸಿಕೊಂಡು ಕುಡಿದು, ಖಾಲಿ ಲೋಟ ತಲೆಕೆಳಗು ಮಾಡಿ ತೋರಿಸುತ್ತಾರೆ. ಅಜ್ಜಿ ಅವರ ಮುಖವನ್ನೇ ನೋಡುತ್ತಾ ಏನನ್ನೋ ಎಣಿಸಿ, ಆಮೇಲೆ ಕೈ ಚಾಚುತ್ತಾರೆ.

"ಕನಸಲ್ಲಿ ಸಮುದ್ರಕ್ಕೆ ಅಂಚು ಹೊಲೀತಿದ್ದೆ ಕಣೇ. ಎಷ್ಟು ಹೊಲಿದ್ರೂ ಅಲೆ ಬಂದು ಬಿಚ್ಚಿ ಹಾಕೋದು."

"ದಾರ ಯಾವ ಬಣ್ಣದ್ದು ಅಜ್ಜೀ?"

"ಬಿಳೀದು. ಇಷ್ಟೂ ಗೊತ್ತಾಗಲ್ವಾ? ನೊರೆ ಮತ್ತೆ ಯಾವ ಬಣ್ಣ?"

ಅಜ್ಜಿ ಗುಟುಕು ಗುಟುಕಾಗಿ ಕುಡಿಯುತ್ತಿದ್ದಂತೆ ಗೋಡೆಯ ಮೇಲಿನ ಏಳನೇ ಕೊಳ ಅಲುಗಿ, ಮತ್ತೆ ನಿಲ್ಲುತ್ತದೆ. ಇಬ್ಬರೂ ಅದನ್ನೇ ನೋಡುತ್ತಾ ಕೂರುತ್ತಾರೆ. ಸಮುದ್ರ ಅಲ್ಲೇ ಎಲ್ಲೋ ಗೋಡೆಯ ಸುಣ್ಣದೊಳಗೆ ಸದ್ದಿಲ್ಲದೆ ಮುಗುಚುತ್ತಿರುವ ಹಾಗೆ.

ಜಗ್ ಒಂದೇ ಇರಬೇಕು, ಅಳತೆಯೂ ತಪ್ಪಬಾರದು. ಈ ಗಂಟನ್ನು ಬಿಡಿಸಿದ್ದೂ ಹೊಲಿಗೆ ಅಜ್ಜಿಯೇ. ಅವರ ಬಳಿ ಒಂದು ಡಬ್ಬಿ ತುಂಬ ಹಳೆಯ ಗುಂಡಿಗಳಿದ್ದವು. ಸಿಸ್ಟರ್ ಸಿರಿಂಜಿನಿಂದ ಅಳೆದು ನೋಡಿದರು: ಗುಟುಕಕ್ಕನ ಲೋಟ ಕಂಠಮಟ್ಟ ಅರವತ್ತು ಮಿಲಿಲೀಟರ್. ಗುಟುಕಕ್ಕ ಒಂದು ಲೋಟ ಕುಡಿದರೆ ಆ ಹಾಸಿಗೆಯ ಪಕ್ಕ ಇಟ್ಟ ಬಟ್ಟಲಿಗೆ ಒಂದು ಗುಂಡಿ. ಒಂದು ಗುಂಡಿಗೆ ಅರವತ್ತು ಕಳೆಯುವುದು. ಅರ್ಧ ಲೋಟ ಕುಡಿಯುವಂತಿಲ್ಲ. ಬಗ್ಗಿಸಿಕೊಂಡರೆ ತುಂಬಾ ಬಗ್ಗಿಸಿಕೊಂಡು ಪೂರಾ ಮುಗಿಸಬೇಕು. ಹಾಗೆ ಎರಡೂ ಸಾಲುಗಳಲ್ಲಿ ಮತ್ತೆ ಆರು ವಾರ. ಮೇಷ್ಟ್ರು ತಮ್ಮನ್ನು ತಾವೇ ಪರೀಕ್ಷಾ ಮೇಲ್ವಿಚಾರಕರನ್ನಾಗಿ ನೇಮಿಸಿಕೊಂಡರು.

"ಟಣ್ ಅನ್ನಲಿಲ್ಲ. ಗುಂಡಿ ಹಾಕಿದ್ಯೇನಮ್ಮ?"

"ಹಾಕ್ದೆ ಮೇಷ್ಟ್ರೇ, ಬಟ್ಟೆ ಗುಂಡಿ ಅದು, ಸದ್ದು ಬರಲ್ಲ."

"ಹಾಗಾದ್ರೆ ಬಾಯಲ್ಲೇ ಟಣ್ ಅನ್ನು."

ಬೆಳಿಗ್ಗೆ ಒಂದು ಲೀಟರಿಗೆ ಹತ್ತಿರ ಹತ್ತಿರ ನೀರು ಗುಟುಕಕ್ಕನ ಹೊಟ್ಟೆ ಸೇರುತ್ತದೆ. "ಶೌಚಾಲಯಕ್ಕೆ ಎಷ್ಟು ಸಲ ಓಡ್ತೀನಿ ಅಂತಾನೂ ಸಿಸ್ಟರ್ ಒಂದಿನ ಬರ್ಕೋತಾರೇನೋ," ಎಂದು ನಗುತ್ತಾರೆ. ಈ ಆರು ವಾರಗಳಲ್ಲಿ ಸಿಸ್ಟರ್ ಒಂದು ಅಂಕಿಯನ್ನೂ ಬಾಯಿ ಬಿಟ್ಟಿಲ್ಲ. ಗೊತ್ತಾದರೆ ಗುಟುಕಕ್ಕ ಹೆಚ್ಚು ಒತ್ತಾಯ ಮಾಡಿ ಕುಡಿಸಿಬಿಟ್ಟಾರು ಎಂದು. ಇವತ್ತು ಕೊನೆಯ ದಿನ.

ಹತ್ತೂಮುಕ್ಕಾಲಕ್ಕೆ ಮೇಟ್ರನ್ ಬಂದು ಬಾಗಿಲ ಬಳಿ ನಿಲ್ಲುತ್ತಾರೆ. ಅವರ ತೋಳಿನಲ್ಲಿ ಒಗೆದ ಬಟ್ಟೆಯ ಒಂದು ಕಟ್ಟು. ಬರಿಗೈಲಿ ಬರುವುದು ಅವರಿಗೆ ಒಗ್ಗದು. ಗುಟುಕಕ್ಕ ಕಟ್ಟನ್ನು ಇಸಿದುಕೊಂಡು ಮಡಿಸುತ್ತಾ ನಿಲ್ಲುತ್ತಾರೆ. ಬಿಸಿಲು ಮೇಲೇರಿದೆ, ಗೋಡೆಯ ಕೊಳಗಳು ಯಾವಾಗಲೋ ಆರಿಹೋಗಿವೆ.

ಬಟ್ಟೆಯ ಕೋಣೆಗೆ ಹೋಗಬೇಕಾಗಿ ಬಂದರೆ ಎಂದು ಗುಟುಕಕ್ಕನನ್ನು ಕೇಳಿದರೆ:

"ಹೋಗ್ತೀನಿ. ಅದೂ ಕೆಲಸಾನೇ, ನಂಗೆ ಬರದೇ ಇರೋದೇನಲ್ಲ," ಎನ್ನುತ್ತಾರೆ. ಮಡಿಸಿದ ಬಟ್ಟೆಯ ಅಂಚನ್ನು ಇನ್ನೊಮ್ಮೆ ಸರಿ ಮಾಡುತ್ತಾರೆ. "ಆದ್ರೆ ಈ ಸ್ಟೂಲ್ ಇಲ್ಲೇ ಇರಲಿ. ನಾನಲ್ಲದಿದ್ರೆ ಇನ್ಯಾರಾದ್ರೂ ಕೂರಲಿ. ಅಜ್ಜಿ 'ಮೊದಲು ನೀನು' ಅಂದಾಗ ಎದುರಿಗೆ ಒಬ್ಬರು ಇರಬೇಕಲ್ಲ?"

ಹನ್ನೊಂದು ಗಂಟೆ. ಪಶ್ಚಿಮದ ಸಾಲು ಮುಗಿಸಿ ಬಂದ ಸಿಸ್ಟರ್ ಒಂದೊಂದೇ ಜಗ್ಗಿನ ಮುಂದೆ ಮಂಡಿಯೂರುತ್ತಾರೆ, ಬಟ್ಟಲಿನ ಗುಂಡಿಗಳನ್ನು ಅಂಗೈಗೆ ಸುರಿದುಕೊಂಡು ಎರಡೆರಡು ಸಲ ಎಣಿಸುತ್ತಾರೆ, ಬರೆಯುತ್ತಾರೆ, ಕಿಟಕಿಯ ಕಟ್ಟೆಯ ಮೇಲೆ ಆರು ವಾರದ ಹಾಳೆಗಳನ್ನಿಟ್ಟು ಕೂಡಿ ಭಾಗಿಸುತ್ತಾರೆ. ಹೊಲಿಗೆ ಅಜ್ಜಿಯ ಕಾಲು ಹೊದಿಕೆಯಡಿ ತುಳಿಯುವುದನ್ನು ನಿಲ್ಲಿಸಿದೆ.

"ಪಶ್ಚಿಮದ ಸಾಲು 304," ಎಂದು ಸಿಸ್ಟರ್ ಓದುತ್ತಾರೆ. "ಪೂರ್ವದ ಸಾಲು, ಗುಂಡಿಗಳನ್ನೆಲ್ಲ ಕಳೆದು, 432."

ಮೇಟ್ರನ್ ಕಳೆಯುವ ಲೆಕ್ಕವನ್ನು ತುಟಿಯಲ್ಲೇ ಮಾಡಿಕೊಳ್ಳುತ್ತಾರೆ. ಗುಟುಕಕ್ಕನ ಕೈಯಿಂದ ಮಡಿಸಿದ ಬಟ್ಟೆಯ ಕಟ್ಟನ್ನು ತಾವೇ ವಾಪಸ್ ತೆಗೆದುಕೊಂಡು, ಕಾಲಿನಿಂದ ಸ್ಟೂಲನ್ನು ಅಜ್ಜಿಯ ಹಾಸಿಗೆಯ ಕಡೆಗೆ ಮೆಲ್ಲಗೆ ಸರಿಸುತ್ತಾರೆ.

ಅಂತರ 128 ಮಿಲಿಲೀಟರ್.