ಮಳಖೇಡದಲ್ಲಿ ಒಂದು ಸುತ್ತು

ಪಕ್ಕದ ಮನೆಯ ಸುಶೀಲಾಬಾಯಿ ಬಿಸಿನೀರಿನ ಬಕೀಟಿನಲ್ಲಿ ಕಾಲಿಟ್ಟುಕೊಂಡು ಕೂತಿದ್ದರು. ನೀರಿಗೆ ಕಲ್ಲುಪ್ಪು, ಮೇಲೊಂದಿಷ್ಟು ನೀಲಗಿರಿ ಎಣ್ಣೆ. ನಾನು ಹೊಸ್ತಿಲು ದಾಟುವ ಮೊದಲೇ ಆ ವಾಸನೆ ಮೂಗಿಗೆ ಬಡಿಯಿತು. ಮಹಾರಾಯ್ತಿ ಹಿಂದಿನ ದಿನವಷ್ಟೇ ಯುರೋಪಿನಿಂದ ಬಂದಿದ್ದರು. ಹಾಲೆಂಡಿನ ಒಂದು ಹಳೇ ಊರನ್ನು ಶನಿವಾರ, ಭಾನುವಾರ ಎರಡೂ ದಿನ ಬರೀ ಕಾಲ್ನಡಿಗೆಯಲ್ಲೇ ತೋರಿಸಿದರಂತೆ. ಕಾಲುವೆ, ಸೇತುವೆ, ಮತ್ತೆ ಕಾಲುವೆ, ಮತ್ತೆ ಸೇತುವೆ.

“ರೊಕ್ಕ ಕೊಟ್ಟು ಕಾಲು ಮುರ್ಕೊಂಡು ಬಂದೀನ್ರಿ ವೈನಿ” ಎಂದರು. “ಊರು ನೋಡ್ಲಿಕ್ಕಿ ಯಾರರೆ ಹಂಗ ನಡೀತಾರೇನ್ರಿ?”

“ನಾ ನಡದೀನಲ್ಲ” ಎಂದೆ. “ಮಳಖೇಡದಾಗ. ಹೊಸದಾಗಿ ಮದಿವ್ಯಾದಾಗ.”

ಅವರು ನಕ್ಕರು. ನಗಲಿ ಬಿಡಿ. ಎಲ್ಲಿಯ ಹಾಲೆಂಡು, ಎಲ್ಲಿಯ ಮಳಖೇಡ! ಆದರೆ ನೀವೇ ಹೇಳಿ, ಅವರಿಗೆ ಕಾಲುವೆಯಿದ್ದರೆ ನಮಗೆ ಕಾಗಿಣಾ ಇಲ್ಲವೇ? ಅವರ ಊರು ಕಣ್ಣು ಬಿಡುವ ಮೊದಲೇ ನಮ್ಮದು ರಾಷ್ಟ್ರಕೂಟರ ರಾಜಧಾನಿಯಾಗಿ, ಮೆರೆದು, ಹಾಳೂ ಆಗಿತ್ತು ಎಂದು ನಮ್ಮವರು ಹೇಳುತ್ತಾರೆ. ನಮ್ಮವರೆಂದರೆ ನನ್ನ ಯಜಮಾನರು, ಇತಿಹಾಸ ಕಲಿಸಿ ನಿವೃತ್ತರಾದ ಮಾಸ್ತರರು. ಆ ಮಾತು ಎತ್ತಿದರೆ ಅವರನ್ನು ನಿಲ್ಲಿಸುವುದು ಬ್ರಹ್ಮನಿಂದಲೂ ಆಗುವುದಿಲ್ಲ.

ಆಗ ಇನ್ನೂ ಮೈಸೂರು ರಾಜ್ಯ. ಇವರಿಗೆ ವಾಡಿಯ ಸಾಲೆಯಲ್ಲಿ ಕೆಲಸ. ನಮ್ಮದು ಎರಡೇ ಕೋಣೆಯ ಮನೆ. ಅದರಲ್ಲಿ ಅತ್ತೆ, ಮಾವ, ಇಬ್ಬರು ನಾದಿನಿಯರು, ಕೊನೆಗೆ ಉಳಿದ ಜಾಗದಲ್ಲಿ ನಾವು. ಹಗಲಲ್ಲಿ ಗಂಡ ಹೆಂಡತಿ ಮಾತಾಡುವುದೆಂದರೆ ಮಹಾಪರಾಧ. ನಾನು ತಂಬಿಗೆ ಹಿಡಿದು ಎದುರಿಗೇ ನಿಂತಿದ್ದರೂ ಇವರು “ಅವ್ವಾ, ನೀರು ಕೊಡs” ಎಂದು ಒಳಗಿದ್ದ ತಾಯಿಯನ್ನು ಕೂಗುತ್ತಿದ್ದರು. ರಾತ್ರಿ ಪಿಸುಗುಟ್ಟೋಣವೆಂದರೆ ಗೋಡೆಯಾಚೆ ಅತ್ತೆಯ ಕೆಮ್ಮು. ನಾನೋ ಸೇಡಂನಲ್ಲಿ ಇಡೀ ಓಣಿಗೆ ಕೇಳುವಂತೆ ಮಾತಾಡುತ್ತಾ ಬೆಳೆದವಳು. ಎರಡು ತಿಂಗಳು ಮಾತು ನುಂಗಿ ನುಂಗಿ ಹೊಟ್ಟೆ ಉಬ್ಬಿತು. ಈ ಕಲ್ಲುದೇವರ ಜೊತೆ ಬಾಳುವುದು ನನ್ನಿಂದಾಗದು, ನಾಗರಪಂಚಮಿಗೆ ತವರಿಗೆ ಹೋದವಳು ಮತ್ತೆ ಬರಲೇಬಾರದು ಎಂದು ನಿಶ್ಚಯ ಮಾಡಿದೆ. ಯಾರಿಗೂ ಹೇಳಲಿಲ್ಲ. ಇದ್ದ ಸೀರೆಗಳನ್ನೆಲ್ಲ, ಕನ್ನಡಿ, ಕುಂಕುಮದ ಭರಣಿ ಸಮೇತ ಟ್ರಂಕಿಗೆ ತುಂಬಿಬಿಟ್ಟೆ.

ಕರೆಯಲು ಬರಬೇಕಾದ ಅಣ್ಣ ಜ್ವರ ಬಂದು ಮಲಗಿದ್ದ. ಹೀಗಾಗಿ ಬಿಟ್ಟುಬರುವ ಕೆಲಸ ಇವರ ಪಾಲಿಗೆ ಬಂತು. ಶನಿವಾರ ಬೆಳಗಿನ ಸಾಲೆ ಮುಗಿಸಿ ರೈಲು ಹತ್ತಿದೆವು. ಚಿತ್ತಾಪುರ ದಾಟಿತು. ಸೇಡಂ ಬರುವ ಮೊದಲೇ, ಮಳಖೇಡ ರೋಡ್ ಸ್ಟೇಷನ್ನಿನಲ್ಲಿ ಇವರು ಟ್ರಂಕು ಎತ್ತಿಕೊಂಡು ಇಳಿದೇಬಿಟ್ಟರು! “ನಮ್ಮ ಸ್ವಾದರತ್ತಿ ಊರು. ಇವತ್ತು ಇಲ್ಲಿದ್ದು, ನಾಳೆ ಊರು ನೋಡ್ಕೊಂಡು ಹೋಗೋಣ” ಎಂದು ಪ್ಲಾಟ್‌ಫಾರ್ಮಿನ ಗಡಿಯಾರಕ್ಕೆ ಹೇಳಿದರು.

ಅಲ್ಲಿಂದ ಊರಿಗೆ ನಡಿಗೆ. ಎರಡೂ ಕಡೆ ತೊಗರಿ, ಹೆಸರು, ಕಾಲಿಗೆ ಮೆತ್ತುವ ಎರೆಮಣ್ಣು. ಆ ಕಾಲದ ನಡಿಗೆಯ ಕಾನೂನು ನಿಮಗೆ ಗೊತ್ತಿರಬಹುದು. ಗಂಡ ಮುಂದೆ, ಹೆಂಡತಿ ಹತ್ತು ಮಾರು ಹಿಂದೆ. ಗಂಡಸು ದಾರಿಯಲ್ಲಿ ಹಿಂದಕ್ಕೆ ಹೊಳ್ಳಿ ಹೆಂಡತಿಯನ್ನು ನೋಡಿದನೋ, ಹೆಂಡತಿಯ ಗುಲಾಮನೆಂಬ ಬಿರುದು ಖಾಯಂ. ಇವರು ಟ್ರಂಕನ್ನು ಆ ಹೆಗಲಿನಿಂದ ಈ ಹೆಗಲಿಗೆ ಬದಲಿಸುತ್ತಾ ನೆಟ್ಟಗೆ ನಡೆದರು. ಸೋದರತ್ತೆ ಬಾಗಿಲಲ್ಲೇ ಹಿಡಿದುಕೊಂಡಳು. “ಏನೋ ಮಾಸ್ತರ, ಅಷ್ಟು ದೂರ ಬರಾಕತ್ತಾಳಲ್ಲ, ಆಕಿ ನಿನ್ನ ಹೆಣ್ತೀನs ಹೌದಲ್ಲೋ?” ನನಗೆ ಆ ಮುದುಕಿಯ ಮೇಲೆ ಆ ಕ್ಷಣವೇ ಪ್ರೀತಿ ಹುಟ್ಟಿತು. ರಾತ್ರಿ ಪುಂಡಿಪಲ್ಯ, ರೊಟ್ಟಿ ಉಣಿಸಿ ನನ್ನನ್ನು ಪಕ್ಕದಲ್ಲೇ ಮಲಗಿಸಿಕೊಂಡಳು.

ಭಾನುವಾರ ಬೆಳಿಗ್ಗೆ ಕೋಟೆ. ಗೋಡೆಯ ಒಳಬದಿಯಲ್ಲೇ ಸುತ್ತು ಹೊಡೆಯುವ ಒಂದು ಕಾಲುದಾರಿ. ಇವರು ಮುಂದೆ ಮುಂದೆ, ಕೈ ಎತ್ತಿ, ಇದು ಇಂಥ ಬುರುಜು, ಅದು ಇಂಥ ಬಾಗಿಲು ಎಂದು ಗಾಳಿಗೆ ಪಾಠ ಹೇಳುತ್ತಿದ್ದರು. ನನ್ನ ಕಿವಿಗೆ ನಾಲ್ಕರಲ್ಲಿ ಒಂದು ಮಾತೂ ಬೀಳುತ್ತಿರಲಿಲ್ಲ. ಸಿಟ್ಟು ನೆತ್ತಿಗೇರಿತು. ಈ ಮನುಷ್ಯ ಹೊಳ್ಳಿ ನೋಡುತ್ತಾನೋ ಇಲ್ಲವೋ ನೋಡಿಯೇಬಿಡೋಣ ಎಂದು ಒಂದು ಬಂಡೆಯ ಮೇಲೆ ಕೂತುಬಿಟ್ಟೆ. ಸೋದರತ್ತೆ ನನ್ನ ಸೆರಗಿಗೆ ಕಟ್ಟಿ ಕಳಿಸಿದ್ದ ಶೇಂಗಾ ಬಿಚ್ಚಿದೆ. ಇವರು ಹೋದರು, ಹೋದರು, ಬೇವಿನ ಮರದಾಚೆ ಮರೆಯಾದರು. ಕೆಳಗೆ ಕಾಗಿಣಾ ಕೆಂಪು ನೀರು ತುಂಬಿಕೊಂಡು ಹರಿಯುತ್ತಿತ್ತು. ಶೇಂಗಾ ಮುಗಿಯುತ್ತಾ ಬಂತು. ಆಗ ನೋಡಿ, ನಾವು ಬಂದ ದಾರಿಯ ಕಡೆಯಿಂದಲೇ ಇವರು ಪ್ರತ್ಯಕ್ಷ! ಕೋಟೆಯ ಇಡೀ ಸುತ್ತು ಮುಗಿಸಿ, ಬಾಯಲ್ಲಿ ಇನ್ನೂ ಏನೋ ಹೇಳುತ್ತಾ, ಹಿಂದೆ ಬರಬೇಕಾದ ಹೆಂಡತಿ ಮುಂದೆ ಕೂತಿದ್ದನ್ನು ಕಂಡು ಕಕ್ಕಾಬಿಕ್ಕಿಯಾಗಿ ನಿಂತರು.

“ಯಾರಿಗಿ ಪಾಠ ಹೇಳಿ ಬಂದ್ರಿ ಇಷ್ಟೊತ್ತನಕ?” ಎಂದೆ.

ಇವರು ನಗಲಿಲ್ಲ. ಮೊದಲ ಸಲ ಹಗಲಿನಲ್ಲಿ ನನ್ನ ಮುಖ ನೋಡಿದರು. “ನಿನ್ನ ಟ್ರಂಕು ನಿನ್ನೆ ಹೊತ್ತೀನಿ. ಪಂಚಮಿಗಿ ಹೋಗೋರ ಟ್ರಂಕು ಅಷ್ಟು ಭಾರ ಇರಂಗಿಲ್ಲ” ಎಂದರು. “ಮನ್ಯಾಗ ಮಾತಾಡ್ಲಿಕ್ಕಿ ಆಗಲಿಲ್ಲ. ಇಲ್ಲಿ ಮಾತಾಡೋಣಂತ ಇಳಿಸ್ದೆ. ನೀ ಬರಂಗಿಲ್ಲಂದ್ರ, ತಪ್ಪು ನಂದೇ ಅಂತ ನಿಮ್ಮಪ್ಪನ ಮುಂದ ನಾನೇ ಹೇಳ್ತೀನಿ. ನಿನಗ್ಯಾರೂ ಏನೂ ಅನ್ನಬಾರ್ದು.”

ಕಲ್ಲುದೇವರು ಇಷ್ಟು ಮಾತಾಡಿದರೆ ಭಕ್ತರು ಏನು ಮಾಡಬೇಕು ಹೇಳಿ. ನಾನು ಸೀರೆಯ ಮೇಲಿನ ಶೇಂಗಾ ಸಿಪ್ಪೆ ಕೊಡವಿ ಎದ್ದೆ. “ಮಾತಾಡೋದಿದ್ರ ಬಾಜೂಕ ನಡ್ಕೋತ ಮಾತಾಡ್ರಿ. ಇನ್ನೊಂದು ಸುತ್ತು ಹೋಗೋಣ” ಎಂದೆ. ಹೋದೆವು. ಸಂಜೆ ಸೇಡಂನ ಬಜಾರಿನಲ್ಲೂ ಪಕ್ಕಪಕ್ಕದಲ್ಲೇ ನಡೆದೆವು. ನಮ್ಮವ್ವ ಹಣೆ ಚಚ್ಚಿಕೊಂಡಳು. ಪಂಚಮಿ ಮುಗಿದ ಮೇಲೆ ಅದೇ ಟ್ರಂಕಿನ ಜೊತೆ ವಾಡಿಗೆ ಬಂದೆ.

ಗೋಡೆಗೂ ಗಿಡಕ್ಕೂ ಪಾಠ ಹೇಳುತ್ತಾ ಕೋಟೆ ಸುತ್ತಿದ ಗಂಡನ ಈ ಕತೆ ಹೇಳಿ ನಾನು ಎಷ್ಟು ಮದುವೆಮನೆಗಳಲ್ಲಿ ಮಂದಿಯನ್ನು ನಗಿಸಿದ್ದೇನೋ ಲೆಕ್ಕವಿಲ್ಲ. ಸುಶೀಲಾಬಾಯಿಯಂತೂ ನಕ್ಕ ರಭಸಕ್ಕೆ ಬಕೀಟಿನ ನೀರು ಚೆಲ್ಲಿದರು. ಮನೆಗೆ ಬಂದಾಗ ಇವರು ಪಡಸಾಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದರು. ಇಷ್ಟು ವರ್ಷ ಕೇಳದ್ದನ್ನು ಇವತ್ತು ಕೇಳಬೇಕೆನ್ನಿಸಿತು.

“ಖರೆ ಹೇಳ್ರಿ, ಅವತ್ತು ಅಷ್ಟು ದೂರ ಏನ್ ಹೇಳ್ಕೋತ ಹೋದ್ರಿ? ಒಮ್ಮೆರೆ ಹೊಳ್ಳಿ ನೋಡಲಿಲ್ಲಲ್ಲ.”

“ಬೇವಿನ ಗಿಡದ ತನಕ ಹೇಳಿದೆ. ಆಮ್ಯಾಲ ಏನೂ ಹೇಳಲಿಲ್ಲ.”

“ಮತ್ತ?”

“ಅಳು ಬಂತು. ಹೊಳ್ಳಿದ್ರ ನಿನಗ ಕಾಣ್ತಿತ್ತು. ಕಡೀಗಿ ಸುಧಾರಿಸ್ಕೊಂಡು ಮತ್ತ ಶುರು ಮಾಡ್ದೆ.”

“ಅಯ್ಯ ನನ್ನಪ್ಪಾ! ಊರ ಮಂದೀನೆಲ್ಲ ನಗಸೀನಲ್ರಿ ನಾ. ಸಾಕು ಬಿಡು ಅಂತ ಒಂದು ಮಾತು ಅನಬಾರದಾಗಿತ್ತಾ?”

“ಹೇಳುವಾಗ ನೀನೂ ಭಾಳ ನಗ್ತಿದ್ದಿ” ಎಂದರು. “ಅವತ್ತು ನಿನ್ನ ಸೇಡಂದಾಗ ಬಿಟ್ಟು ಬಂದಿದ್ರ ಆ ನಗಿ ನಾ ಎಲ್ಲಿ ಕೇಳ್ತಿದ್ದೆ?”

ನಾನೂ ಒಂದು ಗಡ್ಡೆ ಬೆಳ್ಳುಳ್ಳಿ ತೆಗೆದುಕೊಂಡು ಅವರೆದುರಿಗೇ ಕೂತೆ. ಕಣ್ಣು ತುಂಬಿತು. ಮುಖ ಆಚೆ ತಿರುಗಿಸಲಿಲ್ಲ, ನೋಡಲಿ ಎಂದು.