ಅಂಗೈಗೆ ಕಿಟಕಿಯಿದ್ದ ಕೈಗವಸು

ಅಜ್ಜಿಯ ಕೌದಿ ಸಂಭಾಜಿನಗರದಿಂದ ನಾಶಿಕ್‌ಗೆ ಬಂದದ್ದು ಕಾಕಾನ ಕಾರಿನ ಹಿಂದಿನ ಸೀಟಿನಲ್ಲಿ, ಅರ್ಧ ಹೊಲಿದ ಸ್ಥಿತಿಯಲ್ಲಿ. ಉಳಿದರ್ಧದ ಹಳೆ ಸೀರೆಯ ಪದರಗಳು ದೊಡ್ಡ ದೊಡ್ಡ ಕಚ್ಚಾ ಹೊಲಿಗೆಯಲ್ಲಿ ಹೇಗೋ ಒಂದನ್ನೊಂದು ಹಿಡಿದುಕೊಂಡಿದ್ದವು. ಅಜ್ಜಿಯ ಬೆರಳಿನ ಗಂಟುಗಳು ಊದಿ, ಸೂಜಿ ಹಿಡಿದರೆ ಜಾರಿ ಬೀಳುತ್ತಿತ್ತು. ಇತ್ತ ಅಕ್ಕ ಹೆರಿಗೆಗೆಂದು ನಮ್ಮ ಮನೆಗೆ ಬಂದಾಗಿತ್ತು. ಕಲಬುರಗಿ ಕಡೆಯಿಂದ ಬಂದ ನಮ್ಮ ಮನೆತನದಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಕೆಳಗೆ ಅಜ್ಜಿಯ ಕೌದಿಯೇ ಇರಬೇಕು. ಅಕ್ಕನಿಗೂ ನನಗೂ ಹಾಗೇ ಆಗಿದೆ.

ನಾನು ಮಷಿನ್‌ನಲ್ಲಿ ಮುಗಿಸಿಕೊಡುತ್ತೇನೆ ಎಂದು ಅಜ್ಜಿಗೆ ಫೋನ್ ಮಾಡಿದೆ. ಜಗಳ ನಿರೀಕ್ಷಿಸಿದ್ದೆ. ಆಗಲಿಲ್ಲ.

“ಮಷಿನ್ ಇದ್ರ ಇರಲಿ. ನಿನ್ನ ಕೈ ಅರಬಿ ಮ್ಯಾಲ ಇರ್ತದಲ್ಲ?”

“ಇರ್ತದ ಅಜ್ಜಿ. ಹಾತ್‌ಮೋಜೆ ಹಾಕ್ಕೊಂಡು ಒತ್ತಿ ಹಿಡಿಬೇಕು.”

ಕೈಗವಸಿನ ಮಾತನ್ನು ಅಜ್ಜಿ ಕೇಳಿರಲಿಲ್ಲ; ಕೇಳದ ವಿವರ ಕೊಡುವುದು ನನ್ನ ಅಭ್ಯಾಸವೂ ಅಲ್ಲ. ಅಂದು ಅದೇಕೆ ಕೊಟ್ಟೆನೋ.

“ಹಾತ್‌ಮೋಜೆ? ಯಾಕ, ಕೌದಿಗೇನು ರೋಗ ಬಂದದೇನು? ಕೌದಿಗಿ ಅಂಗೈ ಬಿಸಿ ಹತ್ತಬೇಕವ್ವಾ. ಅಂದ್ರ ಕೂಸಿಗಿ ನಿದ್ದಿ ಹತ್ತತದ. ಅಂಗೈ ಮುಚ್ಚಿ ಹೊಲದಿ ಅಂತ ಗೊತ್ತಾದ್ರ ನಾ ಬಂದು ಎಲ್ಲಾ ಬಿಚ್ಚಿ ಮತ್ತ ಕೈಲೇ ಹೊಲಿತೀನಿ ನೋಡು.”

ಇದು ಬರಿ ಬೆದರಿಕೆಯಲ್ಲ. ಅಜ್ಜಿ ಬಿಚ್ಚುವವಳೇ. ಬಿಚ್ಚಿ, ಆ ಊದಿದ ಬೆರಳುಗಳಿಂದ ಮತ್ತೆ ಹೊಲಿಯಲು ಕೂರುವವಳೇ. ಅದೇ ನನಗೆ ಬೇಡವಾಗಿತ್ತು.

ಹಾಗಾಗಿ ಮೊದಲು ಬರಿಗೈಯಲ್ಲೇ ಕೂತೆ. ಕೌದಿ ಹೊಲಿಯುವಾಗ ಸೂಜಿಯ ಕೆಳಗೆ ಬಟ್ಟೆ ಎಳೆಯುವ ಹಲ್ಲುಗಳನ್ನು ಕೆಳಗಿಳಿಸಿಬಿಡುತ್ತೇವೆ. ಆಮೇಲೆ ಬಟ್ಟೆ ಸರಿಯುವುದು ನಮ್ಮ ಕೈ ಸರಿಸಿದಷ್ಟೇ, ಸರಿಸಿದ ಕಡೆಗೇ. ಅಜ್ಜಿಯ ಸೀರೆಗಳೋ ವರ್ಷಗಟ್ಟಲೆ ಒಗೆಸಿಕೊಂಡು ನುಣ್ಣಗಾದವು. ನನ್ನ ಕೈ ಮುಂದೆ ಹೋಯಿತು, ಸೀರೆ ಇದ್ದಲ್ಲೇ ಇತ್ತು. ಒಂದು ಹೊಲಿಗೆ ಸಾಸಿವೆಯಷ್ಟು, ಮುಂದಿನದು ಹುಣಸೆಬೀಜದಷ್ಟು.

“ಚಲೋ ಆಗ್ಯಾದ,” ಎಂದಳು ಸೋಫಾದ ಮೇಲೆ ಮಲಗಿದ್ದ ಅಕ್ಕ. “ಕೂಸೇ ಹೊಲದಂಗ ಕಾಣತದ.”

ಕೈಗವಸು ಇಲ್ಲದೆ ಆಗದು ಎಂದು ತೀರ್ಮಾನವಾಯಿತು. ಯಾವುದು ಎನ್ನುವುದಷ್ಟೇ ಉಳಿದಿತ್ತು.

ಅವ್ವ ಪಾತ್ರೆ ತೊಳೆಯುವ ಹಳದಿ ರಬ್ಬರಿನವು ಹತ್ತಿರದಲ್ಲೇ ಇದ್ದವು. ಹಿಡಿತ ಎಷ್ಟು ಗಟ್ಟಿಯೆಂದರೆ ಕೌದಿಯ ಜೊತೆ ಮೇಜಿನ ಹೊದಿಕೆಯೂ ಬಂತು. ಒಳಗೆ ಬೆವರಿ, ಬೆರಳು ನೆನೆಸಿದ ಒಣದ್ರಾಕ್ಷಿಯಂತಾದವು. ಸ್ಕೂಟರ್ ಓಡಿಸುವಾಗ ಬಿಸಿಲಿಗೆ ಹಾಕುವ, ಮೊಳಕೈವರೆಗಿನ ನನ್ನ ಹತ್ತಿಯವನ್ನು ಹಾಕಿದೆ. ಬರಿಗೈಗಿಂತ ಹೆಚ್ಚು ಜಾರಿದವು. ಮೆಡಿಕಲ್ ಅಂಗಡಿಯ ತೆಳು ನೀಲಿಯವು ಭರವಸೆ ಹುಟ್ಟಿಸಿದವು, ಆದರೆ ಬೆರಳ ತುದಿಯಲ್ಲಿ ಸಡಿಲವಿದ್ದವು. ಸೂಜಿ ಆ ಸಡಿಲ ತುದಿಯನ್ನು ಹಿಡಿದು ಕೌದಿಗೇ ಹೊಲಿದುಬಿಟ್ಟಿತು. ನನ್ನ ಬೆರಳು ಉಳಿಯಿತು. ಪೈಠಣಿ ಸೀರೆಯ ಅಂಚಿನ ಪಕ್ಕದಲ್ಲಿ ನೀಲಿ ಬೆರಳೊಂದು ಅಂಟಿಕೊಂಡು ನನ್ನನ್ನೇ ತೋರಿಸುತ್ತಿತ್ತು.

“ಅಜ್ಜಿ ಬಿಚ್ಚೂದಕ್ಕಿಂತ ಮೊದಲ ಅದನ್ನ ಬಿಚ್ಚು,” ಎಂದಳು ಅವ್ವ.

ಮರುದಿನ ದ್ರಾಕ್ಷಿ ತೋಟದವರಿಗೆ ಸಾಮಾನು ಮಾರುವ ಅಂಗಡಿಗೆ ಹೋದೆ. ಕತ್ತರಿ, ಔಷಧಿ ಪಂಪು, ಹಗ್ಗದ ಸುರುಳಿಗಳ ನಡುವೆ ನಿಂತು, ತೆಳು ನೈಲಾನಿನದು ಬೇಕು, ಬೆರಳ ತುದಿಗೆ ಮಾತ್ರ ಸುತ್ತಲೂ ರಬ್ಬರ್ ಇರಬೇಕು, ತುದಿ ಸಡಿಲ ಇರಬಾರದು ಎಂದು ಮರಾಠಿಯಲ್ಲಿ ಹೇಳಿದೆ. ಅಂಗಡಿಯವರು ಒಂದೊಂದೇ ಜೋಡಿ ತೆಗೆದಿಟ್ಟರು. ನಾನು ಒಂದೊಂದನ್ನೂ ಹಾಕಿ, ಗಲ್ಲಾ ಮೇಜಿನ ಮೇಲೆ ಹಾಸಿದ್ದ ಅವರದೇ ಬಟ್ಟೆಯನ್ನು ಎಡಕ್ಕೆ ಬಲಕ್ಕೆ ತಳ್ಳಿ ನೋಡಿದೆ.

“ತಾಯಿ, ತೋಟ ಎಷ್ಟು ಎಕರೆ?” ಎಂದು ಅವರು ಗೌರವದಿಂದ ಕೇಳಿದರು.

“ಲಹಾನ್ ಆಹೆ,” ಎಂದೆ. ಚಿಕ್ಕದು. ಒಂದು ತೊಟ್ಟಿಲಿನಷ್ಟು ಎಂದು ಹೇಳಲಿಲ್ಲ.

ಆ ಜೋಡಿ ಬೆರಳಿಗೆ ಚರ್ಮದ ಹಾಗೆ ಕೂತಿತು. ಇನ್ನು ಅಜ್ಜಿಯ ಕಾನೂನು. ಅವಳು ಹೇಳಿದ್ದನ್ನು ನಾನು ಮತ್ತೆ ಮತ್ತೆ ನೆನೆಸಿದೆ. ಅಂಗೈ ಮುಚ್ಚಬಾರದು ಎಂದಿದ್ದಳು. ಬೆರಳಿನ ಮಾತೇ ಎತ್ತಿರಲಿಲ್ಲ. ಚೂಪು ಕತ್ತರಿ ತೆಗೆದುಕೊಂಡು ಎರಡೂ ಕೈಗವಸುಗಳ ಅಂಗೈಯಲ್ಲಿ ದುಂಡಗೆ ಒಂದೊಂದು ಕಿಟಕಿ ಕೊರೆದೆ. ನೂಲು ಬಿಚ್ಚಿಕೊಳ್ಳದಂತೆ ಅಂಚಿಗೆ ಕಾಜಾ ಹೊಲಿಗೆ ಹಾಕಿದೆ. ಕೈ ಚಾಚಿ ಅವ್ವನಿಗೆ ತೋರಿಸಿದೆ.

“ಇಷ್ಟು ಓದಿಸಿದ್ದು ಇದಕ್ಕೇನ?” ಎಂದಳು. ಆದರೆ ನಕ್ಕಳು.

ಆಮೇಲೆ ಹೊಲಿಗೆ ಸರಾಗವಾಗಿ ಓಡಿತು. ಸಾಲುಗಳು ಅಜ್ಜಿಯ ಸಾಲುಗಳಿಗೆ ಸಮನಾಗಿ ಬಂದು ಸೇರಿದವು. ನಾಲ್ಕನೆಯ ಮೂಲೆಯನ್ನು ಮಾತ್ರ ತೆರೆದಿಟ್ಟೆ. ನಮ್ಮಲ್ಲಿ ಕೌದಿ ಮುಚ್ಚುವ ಮೊದಲು ಕೊನೆಯ ಮೂಲೆಯೊಳಗೆ ಜೋಳದ ರೊಟ್ಟಿಯ ಚೂರು ಮತ್ತು ಚಿಟಿಕೆ ಸಕ್ಕರೆ ಇಟ್ಟು ಅದರ ಹೊಟ್ಟೆ ತುಂಬಿಸಬೇಕು. ಆ ಕೆಲಸ ಮನೆಯ ಹಿರಿಯಳದು, ಅಂದರೆ ಅಜ್ಜಿಯದು.

ಅಕ್ಕನಿಗೆ ಮಗಳು ಹುಟ್ಟಿದಳು. ತೊಟ್ಟಿಲ ಕಾರ್ಯಕ್ಕೆ ಅಜ್ಜಿ ಬಂದಳು. ಕೂಸನ್ನು ನೋಡಿ, ನೀರು ಕುಡಿದು, ನೇರ ಕೌದಿಯ ಹತ್ತಿರ ಹೋದಳು. ಅಂಗೈಯಿಂದ ಉದ್ದಕ್ಕೂ ಸವರಿದಳು. ಆಮೇಲೆ ಮಷಿನ್ ಪಕ್ಕದಲ್ಲಿದ್ದ ಕೈಗವಸುಗಳನ್ನು ಎತ್ತಿದಳು.

“ಇದೇನು?”

ನಾನು ಒಂದನ್ನು ಹಾಕಿಕೊಂಡು ಅಂಗೈ ತೋರಿಸಿದೆ. ಅಜ್ಜಿ ಕಿಟಕಿಯೊಳಗೆ ಬೆರಳಿಟ್ಟು ನನ್ನ ಅಂಗೈಗೆ ಕಚಗುಳಿ ಇಟ್ಟಳು.

“ಕಳ್ಳಿ! ಮಾತಾಡಲ್ಲ, ಮಾತಾಡಲ್ಲ ಅಂತ ಇಷ್ಟು ಬುದ್ಧಿ ಒಳಗ ಇಟಗೊಂಡಿದ್ದಿ? ತಾ ಇಲ್ಲಿ.”

ಎರಡೂ ಕೈಗವಸು ಅವಳ ಕೈ ಸೇರಿದವು. ಗಂಟುಗಳ ಮೇಲೆ ನಿಧಾನವಾಗಿ ಎಳೆದುಕೊಂಡು ಹಾಕಿದಳು. ಬೆರಳುಗಳನ್ನು ಒಂದಕ್ಕೊಂದು ಒತ್ತಿ ನೋಡಿದಳು. ದಾರ ಪೋಣಿಸಿದ ಸೂಜಿ ಕೇಳಿದಳು. ಕೊಟ್ಟೆ. ರಬ್ಬರ್ ತುದಿಗಳ ನಡುವೆ ಸೂಜಿ ಜಾರದೆ ನಿಂತಿತು. ಅಜ್ಜಿ ಅದನ್ನು ಬೆಳಕಿಗೆ ಹಿಡಿದು, ಕಳೆದುಹೋಗಿದ್ದ ಓಲೆ ಸಿಕ್ಕವಳಂತೆ ನೋಡಿದಳು.

ರೊಟ್ಟಿ ಬಂತು, ಸಕ್ಕರೆ ಬಂತು.

“ಇರವಿ ಬರ್ತಾವ ಅಜ್ಜಿ,” ಎಂದೆ.

“ಬರಲಿ. ಅವಕ್ಕ ಹೊಟ್ಟಿ ಇಲ್ಲೇನು?”

ರೊಟ್ಟಿಯ ಚೂರನ್ನು ಒಳಗೆ ತಳ್ಳಿ, ಮೂಲೆಯನ್ನು ಅಂಗೈಯಿಂದ ಒತ್ತಿ ಹಿಡಿದು ಅಜ್ಜಿ ಹೊಲಿಯತೊಡಗಿದಳು. ನನ್ನ ಕಣ್ಣಿಗೆ ಬಿದ್ದದ್ದು ಆಗ. ಎಡಗೈಯದನ್ನು ಬಲಕ್ಕೆ, ಬಲಗೈಯದನ್ನು ಎಡಕ್ಕೆ ಹಾಕಿಕೊಂಡಿದ್ದಳು. ಕಿಟಕಿಗಳು ಕೈಯ ಹಿಂಬದಿಗೆ ತೆರೆದುಕೊಂಡು ನರಗಳನ್ನು ತೋರಿಸುತ್ತಿದ್ದವು. ಅಂಗೈ ಪೂರ್ತಿ ಮುಚ್ಚಿತ್ತು.

ನಾನು ಅವ್ವನನ್ನು ನೋಡಿದೆ. ಅವ್ವ ಸೆರಗು ಬಾಯಿಗೆ ಒತ್ತಿಕೊಂಡು ಗೋಡೆ ನೋಡಿದಳು. ಅಕ್ಕನಿಗೆ ತಡೆಯಲಾಗಲಿಲ್ಲ.

“ಅಜ್ಜಿ, ಕಿಟಕಿ ಮ್ಯಾಲಾಗ್ಯಾದ. ಬಿಚ್ಚಬೇಕೇನ ಈಗ?”

ಅಜ್ಜಿ ಕೈಯ ಹಿಂಬದಿ ನೋಡಿಕೊಂಡಳು. ಅಂಗೈ ತಿರುಗಿಸಿ ನೋಡಿದಳು. ಸೂಜಿ ಮಾತ್ರ ಕೆಳಗಿಡಲಿಲ್ಲ.

“ಯಾಕ ಬಿಚ್ಚಲಿ? ನನ್ನ ಕೈ ಬಿಸಿ ಮೋಜೆ ದಾಟಿ ಹೋಗ್ತದ. ನಿಮ್ಮವು ಇನ್ನಾ ಹಸಿ ಕೈ, ಅದಕ್ಕ ಕಿಟಕಿ ಬೇಕು.”

ಗಂಟು ಹಾಕಿ, ದಾರ ಕಡಿದು, ಕೌದಿಯನ್ನು ತಾನೇ ತೊಟ್ಟಿಲಿನಲ್ಲಿ ಹಾಸಿದಳು. ಕೂಸು ಅದರ ಮೇಲೆ ಮಲಗಿ, ಆಕಳಿಸಿ, ಎಲ್ಲರೂ ನೋಡುತ್ತಿರುವಾಗಲೇ ಒದ್ದೆ ಮಾಡಿತು.

ಕೈಗವಸುಗಳು ಅಜ್ಜಿಯ ಚೀಲದಲ್ಲಿ ಸಂಭಾಜಿನಗರಕ್ಕೆ ಹೋದವು. ಈಗ ಬೆಳ್ಳುಳ್ಳಿ ಸುಲಿಯುವುದೂ ಅವನ್ನು ಹಾಕಿಕೊಂಡೇ ಎಂದು ಕಾಕಾ ಹೇಳುತ್ತಾರೆ. ನಾನು ಅದೇ ಅಂಗಡಿಗೆ ಹೋಗಿ ಇನ್ನೊಂದು ಜೋಡಿ ತಂದೆ. ತೋಟ ಹೇಗಿದೆ ಎಂದು ಅಂಗಡಿಯವರು ವಿಚಾರಿಸಿದರು; ಚೆನ್ನಾಗಿದೆ, ನೀರಿಗೆ ಕೊರತೆಯಿಲ್ಲ ಎಂದೆ. ಈ ಜೋಡಿಗೆ ಕಿಟಕಿ ಕೊರೆದಿಲ್ಲ. ಅಜ್ಜಿ ಕೇಳಿದರೆ ಕೊಡಲು ಉತ್ತರ ಇದೆ, ಅವಳದೇ.