ಹಿಂದಿನ ಸಾಲಿನ ಕನ್ನಡಕದವ

ಹಳೆಯ ಕಾರ್ಟೂನುಗಳಲ್ಲಿ ಹಿಂದೆ ಸುಮ್ಮನೆ ಕೂತಿರುವ ಜನರ ಮುಖಗಳು ಆ ಚಿತ್ರ ಬರೆದ ಕಲಾವಿದರದ್ದೇ ಅಂತೆ. ತಮಾಷೆಗೆ ಒಬ್ಬರನ್ನೊಬ್ಬರು ಬರೆದಿಡುತ್ತಿದ್ದರಂತೆ. ಇವತ್ತು ಮಗಳು ಮೊಬೈಲಿನಲ್ಲಿ ತೋರಿಸಿದಳು.

ಚಿಕ್ಕಂದಿನಲ್ಲಿ ಹೊನ್ನಾಳಿಯ ಮನೆಯಲ್ಲಿ ನಾವು ಟಿವಿಯ ಮುಂದೆ ಕೂತು ಕಾರ್ಟೂನಿನ ಬೆಕ್ಕಿನ ಓಟಕ್ಕೆ ನಗುತ್ತಿದ್ದರೆ, ಬೆಳ್ಳುಳ್ಳಿ ಸುಲಿಯುತ್ತಿದ್ದ ಅಜ್ಜಿ ಚಿತ್ರದಲ್ಲಿ ಹಿಂದೆ ಕೂತವರನ್ನೇ ನೋಡುತ್ತಿದ್ದಳು.

"ಆ ಕನ್ನಡಕದವ ಮೊನ್ನೇನೂ ಬಂದಿದ್ದ. ಯಾರಲೇ ಅವ?"

"ಯಾರೂ ಅಲ್ಲಜ್ಜಿ, ಸುಮ್ನೆ ಬರ್ದಿರ್ತಾರೆ."

"ಸುಮ್ನೆ ಹೆಂಗೆ ಬರಿಯಾಕಾಗ್ತೈತೆ? ಯಾರದೋ ಮನೆಯವ ಇರ್ಬೇಕು."

ಮಗಳಿಗೆ ಆ ಅಜ್ಜಿಯನ್ನು ತೋರಿಸೋಣವೆಂದು ಅಕ್ಕನ ಮದುವೆಯ ಆಲ್ಬಮ್ ತೆಗೆದೆ. ಅಜ್ಜಿ ಇದ್ದದ್ದು ಒಂದೇ ಒಂದು ಫೋಟೊದಲ್ಲಿ, ಸಾಲಾಗಿ ನಿಂತ ಎಲ್ಲರ ಹಿಂದೆ, ಅಡುಗೆಮನೆಯ ಬಾಗಿಲಲ್ಲಿ. ನಾನು ಬೆರಳಿಟ್ಟು ತೋರಿಸುವಷ್ಟರಲ್ಲಿ ಮಗಳು ಪುಟ ತಿರುವಿದಳು.